ಕೆತ್ತನೆ ಚಾಕು, ಗೌಜ್‌ಗಳಿಗೆ ಯಾವ ಕಲ್ಲು, ಯಾವ ಪಟ್ಟಿ?

ಕಿನ್ನಾಳದ ಗೊಂಬೆಗೆ ಬಳಸುವ ಪೊಲ್ಕಿ ಮರ ಹಗುರ, ಮೆದು. ಮೆದು ಮರಕ್ಕೆ ಎಂಥ ಹತಾರವಾದರೂ ನಡೆಯುತ್ತದೆ ಎಂದು ಹೊಸದಾಗಿ ಕೆತ್ತನೆಗೆ ಕುಳಿತವರು ತಿಳಿಯುತ್ತಾರೆ. ನಿಜ ಇದಕ್ಕೆ ಉಲ್ಟಾ. ಸಾಗವಾನಿಯಂಥ ಗಟ್ಟಿ ಮರದ ನಾರು ಹತಾರದ ಬಾಯಿಗೆ ಎದುರು ನಿಲ್ಲುತ್ತದೆ, ಹಾಗಾಗಿ ಬಾಯಿ ಸ್ವಲ್ಪ ಮೊಂಡಾಗಿದ್ದರೂ ಜೋರು ಹಾಕಿದರೆ ಕತ್ತರಿಸುತ್ತದೆ. ಮೆದು ಮರದ ನಾರಿಗೆ ನಿಲ್ಲುವ ಬಲವಿಲ್ಲ. ಮೊಂಡು ಬಾಯಿ ತಗುಲಿದರೆ ಅದು ಬಾಗುತ್ತದೆ, ಜಜ್ಜುತ್ತದೆ, ಕೊನೆಗೆ ಹಿಂಜಿಕೊಂಡು ಹರಿಯುತ್ತದೆ. ಗರುಡನ ರೆಕ್ಕೆಯ ಗೆರೆ, ಮೂಗಿನ ಪಕ್ಕದ ತಗ್ಗು ಒರಟಾಗಿ ಬರುವುದು ಇದರಿಂದಲೇ. ಅದನ್ನು ಉಸುಕಿನ ಕಾಗದದಿಂದ ತಿಕ್ಕಿ ಸರಿಮಾಡಲು ಹೋದರೆ ಗೆರೆಯ ಚೂಪೇ ಹೋಗುತ್ತದೆ.

ಹತಾರ ಹರಿತ ಮಾಡುವ ಸಾಮಾನು ಕೊಳ್ಳುವಾಗ ಹೆಚ್ಚಿನವರು ಕಲ್ಲಿಗೆ ದುಡ್ಡು ಸುರಿದು ಪಟ್ಟಿಯನ್ನು, ಅಂದರೆ ಮಸೆದ ಬಾಯಿಯನ್ನು ಎಳೆದು ನಯ ಮಾಡುವ ಚರ್ಮ ಇಲ್ಲವೇ ಬಟ್ಟೆ ಅಂಟಿಸಿದ ಹಲಗೆಯನ್ನು, ಮರೆಯುತ್ತಾರೆ. ಕೆತ್ತನೆಯಲ್ಲಿ ಲೆಕ್ಕ ಬೇರೆ. ಮೆದು ಮರದಲ್ಲಿ ಕೆಲಸ ಮಾಡುವವರಿಗೆ ಕಲ್ಲು ಬೇಕಾಗುವುದು ಅಪರೂಪಕ್ಕೆ, ಪಟ್ಟಿ ಬೇಕಾಗುವುದು ಕೆಲಸದ ನಡುವೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ. ಆದ್ದರಿಂದ ಆಯ್ಕೆಯ ತಲೆನೋವು ಏನಿದ್ದರೂ ಪಟ್ಟಿಯ ಬಗ್ಗೆ ಇರಲಿ. ಕಲ್ಲಿನಲ್ಲಿ ಸಾಧಾರಣದ್ದೂ ಸಾಕು. ಕೆಳಗಿನ ಹೋಲಿಕೆಯೆಲ್ಲ ಈ ನಂಬಿಕೆಯ ಮೇಲೆ ನಿಂತಿದೆ.

ಮೊದಲು ಕೋನ

ಕಲ್ಲು, ಪಟ್ಟಿ ಯಾವುದೇ ಇರಲಿ, ಬಾಯಿಯ ಕಡೆಗೆ ಉಕ್ಕು ತೆಳುವಾಗುತ್ತ ಹೋಗುವ ಇಳಿಜಾರಿನ ಕೋನ ತಪ್ಪಿದರೆ ಹತಾರ ನಡೆಯುವುದಿಲ್ಲ. ಪೊಲ್ಕಿಯಂಥ ಮೆದು ಮರಕ್ಕೆ ಚಾಕುವಿನ ಎರಡೂ ಬದಿ ಸೇರಿ 18ರಿಂದ 20 ಡಿಗ್ರಿ, ಕೈಯಿಂದ ತಳ್ಳುವ, ಬಾಗಿದ ಬಾಯಿಯ ಉಳಿಯಾದ ಗೌಜ್‌ಗೆ ಸುಮಾರು 20 ಡಿಗ್ರಿ. ಸಾಗವಾನಿ, ಬೇವಿಗೆ 25. ಜಾಲಿಯಂಥ ಮರಕ್ಕೆ ಕೊಡತಿಯಿಂದ ಹೊಡೆಯುವುದಾದರೆ 28ರಿಂದ 30. ತೆಳು ಕೋನದ ಉಳಿಯನ್ನು ಗಟ್ಟಿ ಮರಕ್ಕೆ ಹೊಡೆದರೆ ಬಾಯಿ ಕಿತ್ತು ಹಲ್ಲು ಬೀಳುತ್ತದೆ. ದಪ್ಪ ಕೋನದ್ದನ್ನು ಮೆದು ಮರಕ್ಕೆ ಹಾಕಿದರೆ ಎಷ್ಟೇ ಹರಿತವಿದ್ದರೂ ಕತ್ತರಿಸುವ ಬದಲು ಸೀಳುತ್ತದೆ.

ಕೋನಮಾಪಕ ಇಲ್ಲದೆಯೂ ಅಳೆಯಬಹುದು. ಉಳಿಯ ಉಕ್ಕಿನ ದಪ್ಪ ನೋಡಿ, ಇಳಿಜಾರಿನ ಉದ್ದ ನೋಡಿ. ಉದ್ದವು ದಪ್ಪದ ಎರಡು ಪಟ್ಟಿದ್ದರೆ 30 ಡಿಗ್ರಿ, ಸುಮಾರು 2.4 ಪಟ್ಟಿದ್ದರೆ 25, ಸುಮಾರು 2.9 ಪಟ್ಟಿದ್ದರೆ 20. ಅಂದರೆ 3 ಮಿ.ಮೀ. ದಪ್ಪದ ಗೌಜ್‌ಗೆ 20 ಡಿಗ್ರಿ ಬೇಕೆಂದರೆ ಇಳಿಜಾರು ಹೆಚ್ಚುಕಡಿಮೆ 9 ಮಿ.ಮೀ. ಉದ್ದ ಬರಬೇಕು. 2 ಮಿ.ಮೀ. ದಪ್ಪದ ಚಾಕುವಿಗೆ ಎರಡೂ ಬದಿ ಸೇರಿ 20 ಡಿಗ್ರಿ ಬೇಕಾದರೆ ಒಂದೊಂದು ಬದಿಯ ಇಳಿಜಾರು 6 ಮಿ.ಮೀ.ಗೆ ಸ್ವಲ್ಪ ಕಡಿಮೆ. ಹೊಸ ಹತಾರ ತಂದ ದಿನವೇ ಇದನ್ನು ಅಳೆಯಿರಿ. ಅಂಗಡಿಯಲ್ಲಿ ಸಿಗುವ ಅಗ್ಗದ ಉಳಿ ಸೆಟ್‌ಗಳಲ್ಲಿ ಕೋನ 30ಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಅವನ್ನು ಎಷ್ಟು ಮಸೆದರೂ ಪೊಲ್ಕಿಯಲ್ಲಿ ಸುಲಭವಾಗಿ ಹೋಗುವುದಿಲ್ಲ. ಇಳಿಜಾರನ್ನೇ ಹಿಂದಕ್ಕೆ ಇಳಿಸಬೇಕು.

ಕಲ್ಲುಗಳಲ್ಲಿ ಯಾವುದು

ಮೊದಲೇ ಒಂದು ಎಚ್ಚರಿಕೆ. ನಂಬರ್ ಹೆಚ್ಚಿದಷ್ಟೂ ಕಣ ನಯ, ಆದರೆ ನಂಬರ್ ನೋಡಿ ಒಂದು ಜಾತಿಯ ಕಲ್ಲನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಪಿ ಎಂದು ಬರೆದಿರುವ 2000 ನಂಬರಿನ ವಾಟರ್ ಪೇಪರಿನ (ನೀರು ಹಾಕಿ ಬಳಸುವ ಉಸುಕಿನ ಕಾಗದ) ಕಣ ಸುಮಾರು 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು). 1200 ನಂಬರಿನ ಡೈಮಂಡ್ ಪ್ಲೇಟಿನದೂ (ವಜ್ರದ ಕಣ ಕೂರಿಸಿದ ಲೋಹದ ಹಲಗೆ) ಅಲ್ಲೇ, ಸುಮಾರು 9. ಜಪಾನಿ ಮಾದರಿಯ ನೀರುಗಲ್ಲಿನಲ್ಲಿ 1000 ನಂಬರೇ ಸುಮಾರು 14 ಮೈಕ್ರಾನಿಗೆ ಬರುತ್ತದೆ, ಆದರೆ 1000 ನಂಬರಿನ ಪಿ ಪೇಪರು 18 ಮೈಕ್ರಾನ್. ಮೂರಕ್ಕೂ ಅಳತೆಯ ಪದ್ಧತಿ ಬೇರೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವುದು ಕಾರ್ಬೊರಂಡಮ್ ಜೋಡಿ ಕಲ್ಲು: ಒಂದು ಮುಖ ಒರಟು, ಇನ್ನೊಂದು ನಯ, 8 ಇಂಚು ಉದ್ದ, 2 ಇಂಚು ಅಗಲ, 1 ಇಂಚು ದಪ್ಪ. ಬೇಗ ಕತ್ತರಿಸುತ್ತದೆ, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಅದರ ನಯ ಮುಖವೂ ಕೆತ್ತನೆಗೆ ಒರಟೇ. ಅಲ್ಲಿಂದ ನೇರ ಪಟ್ಟಿಗೆ ಹೋದರೆ ಗೀರುಗಳು ಮಾಯವಾಗುವಷ್ಟರಲ್ಲಿ ಬಾಯಿ ಉರುಟಾಗಿರುತ್ತದೆ. ಕೋನ ಬದಲಿಸಲು, ಹಲ್ಲು ಬಿದ್ದ ಬಾಯಿ ತೆಗೆಯಲು ಇದು ಇರಲಿ. ಕೊನೆಯ ಹರಿತಕ್ಕೆ ಇದನ್ನು ನಂಬಬೇಡಿ.

ಈ ಕಲ್ಲಿಗೆ ಹಾಕುವ ಎಣ್ಣೆಯ ಬಗ್ಗೆ ನಮ್ಮ ಕಡೆಯವರಿಗೆ ಹೇಳಲೇಬೇಕಾದ ಮಾತಿದೆ. ಮನೆಯಲ್ಲಿರುವ ಕುಸುಬಿ ಎಣ್ಣೆ, ಅಗಸಿ ಎಣ್ಣೆ ಹಾಕಬೇಡಿ. ಇವು ಗಾಳಿಗೆ ಒಣಗಿ ಅಂಟಾಗುವ ಎಣ್ಣೆಗಳು. ಕಲ್ಲಿನ ರಂಧ್ರಗಳಲ್ಲಿ ಕುಳಿತು ಗಟ್ಟಿಯಾಗಿ ಮೇಲ್ಮೈಯನ್ನು ಗಾಜಿನಂತೆ ನುಣುಪು ಮಾಡುತ್ತವೆ, ಆಮೇಲೆ ಹತಾರ ಕಲ್ಲಿನ ಮೇಲೆ ಜಾರುತ್ತದೆಯೇ ಹೊರತು ಸವೆಯುವುದಿಲ್ಲ. ಸೂರ್ಯಕಾಂತಿ ಎಣ್ಣೆಯೂ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ. ಹೊಲಿಗೆ ಯಂತ್ರದ ಎಣ್ಣೆಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಒಳ್ಳೆಯದು. ಈಗಾಗಲೇ ಅಂಟುಗಟ್ಟಿದ ಕಲ್ಲನ್ನು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಗಟ್ಟಿ ಬ್ರಷ್‌ನಿಂದ ಉಜ್ಜಿ, ಒರಟು ಪೇಪರಿನ ಮೇಲೆ ತಿಕ್ಕಿದರೆ ಮತ್ತೆ ಹಿಡಿಯುತ್ತದೆ.

ನೀರುಗಲ್ಲು ಚಾಕುವಿಗೆ ಚೆಂದ. 1000 ಮತ್ತು 4000 ನಂಬರಿನ ಜೋಡಿ ಇದ್ದರೆ ಬಾಯಿ ಬಹಳ ನಯವಾಗಿ ಬರುತ್ತದೆ. ಗೌಜ್‌ಗೆ ಮಾತ್ರ ಇದನ್ನು ಶಿಫಾರಸು ಮಾಡಲಾಗದು. ಕಲ್ಲು ಮೆದು, ಗೌಜ್‌ನ ಬಾಗಿದ ಬಾಯಿ ತಾಗಿದ ಕಡೆಯಲ್ಲೆಲ್ಲ ಕಾಲುವೆ ಬೀಳುತ್ತದೆ, ಆಮೇಲೆ ಅದೇ ಕಲ್ಲಿನ ಮೇಲೆ ಚಾಕು ಮಸೆದರೆ ಬಾಯಿ ಅಲೆಯಲೆಯಾಗುತ್ತದೆ. ಕಲ್ಲನ್ನು ಮೇಲಿಂದ ಮೇಲೆ ಸಮತಟ್ಟು ಮಾಡುತ್ತಲೇ ಇರಬೇಕು. ರಾಯಚೂರಿನ ಬೇಸಿಗೆಯಲ್ಲಿ ಇನ್ನೊಂದು ತೊಂದರೆ: ಬಾಯಾರಿದಂತೆ ಕಲ್ಲು ನೀರು ಕುಡಿಯುತ್ತಲೇ ಇರುತ್ತದೆ, ಮೇಲಿನ ಕೆಸರು ಐದು ನಿಮಿಷದಲ್ಲಿ ಒಣಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಬಿಳಿ ಉಪ್ಪು ಕಲ್ಲಿನ ಮೇಲೂ ಹತಾರದ ಮೇಲೂ ಉಳಿಯುತ್ತದೆ. ಆರ್‌ಒ ಘಟಕದ ಕುಡಿಯುವ ನೀರನ್ನೇ ಬಳಸಿ, ಕೆಲಸ ಮುಗಿದ ಕೂಡಲೇ ಉಕ್ಕನ್ನು ಒರೆಸಿ ಒಂದು ಹನಿ ಎಣ್ಣೆ ಹಚ್ಚಿ.

ದಿನಾ ಕೆತ್ತುವವರಿಗೆ ನಮ್ಮ ಮತ ಡೈಮಂಡ್ ಪ್ಲೇಟಿಗೆ. 600 ಮತ್ತು 1200 ಸಾಕು. ಇದರಲ್ಲಿ ಕಾಲುವೆ ಬೀಳುವುದಿಲ್ಲ, ಎಣ್ಣೆ ಬೇಡ, ಎರಡು ಹನಿ ಸಾಬೂನು ನೀರು ಸಾಕು, ಒಣಗಿದ್ದರೂ ನಡೆಯುತ್ತದೆ. ಕೆಡುವುದು ಒಂದೇ ಕಾರಣಕ್ಕೆ, ಒತ್ತಡಕ್ಕೆ. ವಜ್ರದ ಕಣಗಳನ್ನು ನಿಕ್ಕಲ್ ಪದರ ಹಿಡಿದುಕೊಂಡಿರುತ್ತದೆ. 4 ಅಥವಾ 6 ಮಿ.ಮೀ. ಅಗಲದ ಸಣ್ಣ ಗೌಜ್ ಹಿಡಿದು ಜೋರಾಗಿ ಒತ್ತಿದರೆ ಅಷ್ಟೂ ಭಾರ ಒಂದು ಚುಕ್ಕೆಯ ಮೇಲೆ ಬಿದ್ದು ಕಣಗಳು ಕಿತ್ತು ಬರುತ್ತವೆ. ಹತಾರದ ತೂಕಕ್ಕಿಂತ ತುಸು ಹೆಚ್ಚು ಒತ್ತಡ, ಅಷ್ಟೇ. ಹೊಸ ಪ್ಲೇಟ್ ಮೊದಮೊದಲು ಹೇಳಿದ ನಂಬರಿಗಿಂತ ಒರಟಾಗಿ ಗೀರುತ್ತದೆ. ಹಳೆಯ ಅಡುಗೆ ಚಾಕುವಿನಿಂದ ಹತ್ತು ನಿಮಿಷ ತಿಕ್ಕಿ ಪಳಗಿಸಿದ ಮೇಲೆ ಒಳ್ಳೆಯ ಹತಾರ ಹಚ್ಚಿ.

ಖರ್ಚು ಕಡಿಮೆ ಇರಬೇಕೆನ್ನುವವರಿಗೆ ಗ್ರಾನೈಟ್ ತುಂಡಿನ ಮೇಲೆ ವಾಟರ್ ಪೇಪರ್. ಕುಷ್ಟಗಿ ಕಡೆ ಗ್ರಾನೈಟ್ ಕೆಲಸ ನಡೆಯುವುದರಿಂದ ಪಾಲಿಶ್ ಆದ ಹಲಗೆಯ ಅಂಚುತುಂಡು ಸಿಗುವುದು ಕಷ್ಟವಲ್ಲ. 10 ಇಂಚು ಉದ್ದ, 4 ಇಂಚು ಅಗಲದ್ದು ಸಾಕು. ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಕೆಳಗೆ ಬೆಳಕು ತೂರುತ್ತದೆಯೇ ನೋಡಿ, ತೂರದಿದ್ದರೆ ಸಮತಟ್ಟಾಗಿದೆ. ಶಹಾಬಾದ್ ಕಲ್ಲು ಇದಕ್ಕೆ ಆಗದು, ಪದರದ ಏರಿಳಿತ ಇರುತ್ತದೆ. ಗ್ರಾನೈಟ್ ಸಿಗದಿದ್ದರೆ 8 ಮಿ.ಮೀ. ಗಾಜು. ಮೇಲೆ ನೀರು ಚಿಮುಕಿಸಿ 400, 1000, 2000 ಪೇಪರನ್ನು ಒಂದೊಂದಾಗಿ ಅಂಟಿಸಿ. ಹತಾರವನ್ನು ಯಾವಾಗಲೂ ಬೆನ್ನಿನ ಕಡೆಗೆ ಎಳೆಯಿರಿ. ಬಾಯಿ ಮುಂದಾಗಿ ತಳ್ಳಿದರೆ ಪೇಪರ್ ಸೀಳುತ್ತದೆ, ಸೀಳುವ ಮೊದಲು ಬಾಯಿಯ ಎದುರು ಸಣ್ಣ ಅಲೆಯಂತೆ ಉಬ್ಬಿ ಅಂಚನ್ನು ಉರುಟು ಮಾಡುತ್ತದೆ. ಪೇಪರಿನ ದೋಷ ಎಂದರೆ ಬೇಗ ಸವೆಯುವುದು. ವರ್ಷವಿಡೀ ಕೊಂಡ ಪೇಪರಿನ ಲೆಕ್ಕ ಹಾಕಿದರೆ ಡೈಮಂಡ್ ಪ್ಲೇಟ್ ದುಬಾರಿ ಅನ್ನಿಸುವುದಿಲ್ಲ.

ಚಾಕು ಸುಲಭ, ಗೌಜ್ ಕಷ್ಟ

ಚಾಕುವಿನಲ್ಲಿ ಗೊಂದಲವಿಲ್ಲ. ಇಳಿಜಾರಿನ ಮುಖವನ್ನು ಪೂರ್ತಿ ಕಲ್ಲಿಗೆ ಮಲಗಿಸಿ, ಬೆನ್ನು ಎತ್ತದೆ, ಬುಡದಿಂದ ತುದಿಯವರೆಗೆ ಮಸೆಯುವುದು. ಆಚೆ ಬದಿಯಲ್ಲಿ ಬೆರಳಿಗೆ ತಡೆಯುವ ಸಣ್ಣ ಬರ್ (ಮಡಚಿಕೊಂಡ ಉಕ್ಕಿನ ಎಳೆ) ಉದ್ದಕ್ಕೂ ಏಳುವ ತನಕ ಒಂದು ಬದಿ, ಆಮೇಲೆ ಇನ್ನೊಂದು. ಬರ್ ಎದ್ದಿಲ್ಲ ಎಂದರೆ ಉಕ್ಕು ಬಾಯಿಯ ತುದಿಯವರೆಗೆ ಇನ್ನೂ ಸವೆದಿಲ್ಲ. ಮುಂದಿನ ನಂಬರಿಗೆ ಹೋಗಿ ಪ್ರಯೋಜನವಿಲ್ಲ. ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ಎಳೆದು ನೋಡಿದರೆ ಎಲ್ಲಿ ತಾಗುತ್ತಿದೆ, ಎಲ್ಲಿ ಇಲ್ಲ ಎಂಬುದು ಕಾಣುತ್ತದೆ. ಈ ಪರೀಕ್ಷೆ ಗೌಜ್‌ಗೂ ಅಷ್ಟೇ ಉಪಯೋಗ.

ಗೌಜ್‌ನಲ್ಲಿ ಬಾಗಿನ ನಂಬರ್ ಇರುತ್ತದೆ. 3 ಎಂದರೆ ಬಹುತೇಕ ಚಪ್ಪಟೆ, 5 ಮತ್ತು 7 ನಡುವಿನವು, 9 ಎಂದರೆ ಅರ್ಧ ವೃತ್ತದ ಹತ್ತಿರ, 11 ಎಂದರೆ ಆಳವಾದ ಯು ಆಕಾರ. ನಂಬರ್ ಹೆಚ್ಚಿದಷ್ಟೂ ಮಸೆಯುವುದು ಕಷ್ಟ, ತಪ್ಪು ಬೇಗ ಕಾಣುತ್ತದೆ.

ಕಲ್ಲನ್ನು ನಿಮ್ಮ ಎದುರು ಅಡ್ಡ ಇಟ್ಟುಕೊಳ್ಳಿ. ಗೌಜ್‌ನ ಒಂದು ಮೂಲೆಯನ್ನು ಕಲ್ಲಿಗೆ ತಾಗಿಸಿ, ಎಡದಿಂದ ಬಲಕ್ಕೆ ಸರಿಸುತ್ತಾ ಮಣಿಕಟ್ಟನ್ನು ಹೊರಳಿಸಿ, ಕಲ್ಲಿನ ಕೊನೆ ಬರುವಷ್ಟರಲ್ಲಿ ಇನ್ನೊಂದು ಮೂಲೆ ತಾಗಿರಬೇಕು. ಹಾಗೆಯೇ ವಾಪಸ್. ಹಿಡಿಕೆಯ ಎತ್ತರ ಒಂದೇ ಇರಲಿ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡರೆ ಅದು ತಾನಾಗಿ ಸ್ಥಿರವಾಗುತ್ತದೆ. ಎರಡು ತಪ್ಪುಗಳು ಎಲ್ಲರಿಂದಲೂ ಆಗುತ್ತವೆ. ಹೊರಳಿಸುವುದು ಹೆಚ್ಚಾದರೆ ಮೂಲೆಗಳು ಸವೆದು ಬಾಯಿ ಬೆರಳುಗುರಿನ ಆಕಾರಕ್ಕೆ ಬರುತ್ತದೆ, ಆಗ ತಗ್ಗಿನ ಬದಿಯಲ್ಲಿ ಚೂಪಾದ ಗೆರೆ ಹಾಕಲಾಗದು. ಹೊರಳಿಸುವುದು ಕಡಿಮೆಯಾದರೆ ನಡುವೆ ತಗ್ಗು ಬಿದ್ದು ಮೂಲೆಗಳು ಮುಂದೆ ಚಾಚುತ್ತವೆ, ಉಳಿ ಮರಕ್ಕೆ ಇಳಿಯುವ ಮೊದಲೇ ಎರಡು ಮೂಲೆ ಗೀರಿ ನಾರು ಕೀಳುತ್ತವೆ. ಆಗಾಗ ಉಳಿಯನ್ನು ಕಣ್ಣಿನ ಎದುರು ನೇರ ಹಿಡಿದು ಬಾಯಿಯನ್ನು ನೋಡಿ: ಬೆಳಕಿಗೆ ಹೊಳೆಯುವ ಬಿಳಿ ಗೆರೆ ಎಲ್ಲಿ ಕಾಣುತ್ತದೋ ಅಲ್ಲಿ ಮೊಂಡು. ಹರಿತ ಬಾಯಿ ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ. ಬಿಳಿ ಗೆರೆ ಇದ್ದ ಕಡೆ ಮಾತ್ರ ಮಸೆದು, ಅದು ಕರಗಿದ ಕೂಡಲೇ ನಿಲ್ಲಿಸಿದರೆ ಆಕಾರ ಕೆಡುವುದಿಲ್ಲ.

ಒಳಗಿನ ಬರ್ ತೆಗೆಯಲು ಮೂರು ದಾರಿ. ಹನಿಯ ಆಕಾರದ ಸ್ಲಿಪ್ ಕಲ್ಲು ಎಲ್ಲಕ್ಕಿಂತ ಗಟ್ಟಿಮುಟ್ಟು, ಆದರೆ ಒಂದು ಕಲ್ಲು ಎಲ್ಲ ಬಾಗಿಗೂ ಹೊಂದುವುದಿಲ್ಲ. ಡೈಮಂಡ್ ಕಡ್ಡಿ ಬೇಗ ಕತ್ತರಿಸುತ್ತದೆ, ಹೆಚ್ಚೇ ಕತ್ತರಿಸುತ್ತದೆ. ಕೈ ತಪ್ಪಿದರೆ ಒಳಗೆ ಕಾಲುವೆ. ಮೂರನೆಯದು ಮರದ ಕಡ್ಡಿಗೆ ಸುತ್ತಿದ 2000 ಪೇಪರ್. ನಮಗೆ ಹಿಡಿಸುವುದು ಇದೇ. ಪೇಪರ್ ಸುತ್ತಿದ ಮೇಲೆ ಕಡ್ಡಿಯ ದಪ್ಪ ಗೌಜ್‌ನ ಒಳಬಾಗಿಗಿಂತ ಒಂದು ಕೂದಲಷ್ಟು ಕಡಿಮೆ ಇರಲಿ. ಹೆಚ್ಚಿದ್ದರೆ ಎರಡು ಅಂಚುಗಳಲ್ಲಿ ಮಾತ್ರ ತಾಗಿ ಮೂಲೆಗಳನ್ನು ತಿನ್ನುತ್ತದೆ. ಕಡ್ಡಿಯನ್ನು ಒಳಮೈಗೆ ಮಲಗಿಸಿ ಹೊರಕ್ಕೆ ಎಳೆಯುವುದು, ಐದಾರು ಸಲ ಸಾಕು. ಒಳಗೂ ಸಣ್ಣ ಇಳಿಜಾರು ಕೊಡುವ ಪದ್ಧತಿ ಇದೆ. ಉಳಿ ಮಗುಚಿ ಹಿಡಿದು ಉಬ್ಬಿನ ಮೇಲೆ ಕೆತ್ತುವವರಿಗೆ ಅದು ಸಹಾಯ. ಕಲಿಯುವವರು ಒಳಮೈ ನೇರ ಇಟ್ಟುಕೊಳ್ಳುವುದೇ ಲೇಸು.

ವಿ-ಉಳಿಯನ್ನು ಎರಡು ಚಪ್ಪಟೆ ಉಳಿ ಮತ್ತು ನಡುವಿನ ಒಂದು ಪುಟ್ಟ ಗೌಜ್ ಎಂದು ತಿಳಿದು ಮಸೆಯಬೇಕು. ಎರಡು ರೆಕ್ಕೆಗಳನ್ನಷ್ಟೇ ಮಸೆದು ಕೆಳಗಿನ ಏಣನ್ನು ಬಿಟ್ಟರೆ ನಡುವೆ ಕೊಕ್ಕಿನಂಥ ಮೊನೆ ಉಳಿಯುತ್ತದೆ, ಅದು ಮರದಲ್ಲಿ ಸಿಕ್ಕಿ ಹರಿಯುತ್ತದೆ. ಆ ಏಣನ್ನು ಒಂದೆರಡು ಸಲ ಹಗುರಾಗಿ ಹೊರಳಿಸಿ ಮಸೆದರೆ ಕೊಕ್ಕು ಹೋಗುತ್ತದೆ. ಜಾಸ್ತಿ ಮಸೆದರೆ ಅಲ್ಲೇ ತೂತಿನಂಥ ತಗ್ಗು. ಆಗ ಮತ್ತೆ ರೆಕ್ಕೆಗಳನ್ನು ಹಿಂದಕ್ಕೆ ತರಬೇಕು.

ಪಟ್ಟಿ: ಚರ್ಮ, ಡೆನಿಮ್, ಮರ

ಪಟ್ಟಿ ಮಾಡುವ ಕೆಲಸ ಎರಡು: ಕಲ್ಲು ಉಳಿಸಿದ ಬರ್‌ನ ಕೊನೆಯ ಎಳೆಯನ್ನು ತೆಗೆಯುವುದು, ಗೀರುಗಳನ್ನು ಅಳಿಸಿ ಬಾಯಿಯನ್ನು ಹೊಳಪಿಗೆ ತರುವುದು. ಅದು ಮಾಡುವ ಕೇಡು ಒಂದು: ಮೆದುವಾಗಿದ್ದರೆ ಹತಾರದ ಕೆಳಗೆ ತಗ್ಗಿ, ಬಾಯಿ ದಾಟಿದ ಕೂಡಲೇ ಮೇಲೆದ್ದು ಅಂಚನ್ನು ಉರುಟು ಮಾಡುತ್ತದೆ. ಹಾಗಾಗಿ ಪಟ್ಟಿಯ ಆಯ್ಕೆಯಲ್ಲಿ ನೋಡಬೇಕಾದ ಮೊದಲ ಗುಣ ಗಡಸು.

ಚರ್ಮದಲ್ಲಿ ತೊಗಟೆಯಿಂದ ಹದ ಮಾಡಿದ್ದು, 2ರಿಂದ 3 ಮಿ.ಮೀ. ದಪ್ಪದ್ದು ಬೇಕು. ಚಪ್ಪಲಿ ಮಾಡುವವರ ಹತ್ತಿರ ಅಟ್ಟೆಯ ಚರ್ಮ ಕೇಳಿ. ಬ್ಯಾಗು, ಜಾಕೆಟ್ಟಿನ ಮೆತ್ತನೆಯ ಕ್ರೋಮ್ ಚರ್ಮ ಎಳೆದರೆ ಹಿಗ್ಗುತ್ತದೆ, ಬೇಡ. ಹಳೆಯ ಬೆಲ್ಟ್ ಬಳಸುವುದಾದರೆ ಅಡ್ಡ ಕತ್ತರಿಸಿ ನೋಡಿ. ಒಳಗೆ ನಾರು ಕಂಡರೆ ಚರ್ಮ, ರಟ್ಟು ಕಂಡರೆ ರೆಕ್ಸಿನ್. 12 ಇಂಚು ಉದ್ದ, ಎರಡೂವರೆ ಇಂಚು ಅಗಲ, 18 ಮಿ.ಮೀ. ದಪ್ಪದ ಪ್ಲೈವುಡ್ ತುಂಡಿಗೆ ಅಂಟಿಸಿ ರಾತ್ರಿಯಿಡೀ ಭಾರ ಇಡಿ. ಒರಟು ಬದಿ ಮೇಲಿದ್ದರೆ ಸೋಪು (ಪಟ್ಟಿಗೆ ಉಜ್ಜುವ ಪಾಲಿಶ್ ಸೋಪು, ಕೆಳಗೆ ನೋಡಿ) ಹೆಚ್ಚು ಹಿಡಿಯುತ್ತದೆ, ಬೇಗ ಕೆಲಸ ಮಾಡುತ್ತದೆ. ನಯ ಬದಿ ಮೇಲಿದ್ದರೆ ನಿಧಾನ, ಆದರೆ ಬಾಯಿ ಉರುಟಾಗುವುದು ಕಡಿಮೆ. ತೆಳು ಕೋನದ ಹತಾರಕ್ಕೆ ನಯ ಬದಿಯೇ ಸರಿ. 220 ಪೇಪರಿನಿಂದ ಒಮ್ಮೆ ಹಗುರಾಗಿ ತಿಕ್ಕಿದರೆ ಸೋಪು ಕಚ್ಚಿಕೊಳ್ಳುತ್ತದೆ.

ಬಳ್ಳಾರಿಯವರಿಗೆ ಚರ್ಮಕ್ಕಿಂತ ಹತ್ತಿರದ್ದು ಡೆನಿಮ್. ಊರ ತುಂಬ ಜೀನ್ಸ್ ಹೊಲಿಗೆಯ ಘಟಕಗಳಿವೆ, ಕತ್ತರಿಸಿ ಉಳಿದ ಬಟ್ಟೆ ಸಿಗುತ್ತದೆ. ಅದರಲ್ಲಿ ಆರಿಸುವಾಗ ಎರಡೂ ಕಡೆಗೆ ಎಳೆದು ನೋಡಿ. ಹಿಗ್ಗಿ ವಾಪಸ್ ಬಂದರೆ ಅದರಲ್ಲಿ ರಬ್ಬರಿನಂಥ ಎಳೆ ಸೇರಿದೆ, ಅದನ್ನು ಬಿಡಿ. ಪೂರ್ತಿ ಹತ್ತಿಯ, ದಪ್ಪ, ಹಿಗ್ಗದ ಬಟ್ಟೆ ಬೇಕು. ಒಂದೇ ಪದರ, ಸುಕ್ಕಿಲ್ಲದಂತೆ ಎಳೆದು ಹಲಗೆಗೆ ಫೆವಿಕಾಲ್‌ನಿಂದ ಅಂಟಿಸಿ. ಅಂಟು ತೆಳ್ಳಗಿರಲಿ, ಬಟ್ಟೆಯ ಮೇಲಕ್ಕೆ ಒಸರಿದರೆ ಅಲ್ಲಿ ಸೋಪು ಹಿಡಿಯುವುದಿಲ್ಲ. ಎರಡು ಪದರ ಹಾಕಿದರೆ ಮೆತ್ತಗಾಗಿ ಚರ್ಮದ ದೋಷವೇ ಬರುತ್ತದೆ. ಡೆನಿಮ್ ಚರ್ಮಕ್ಕಿಂತ ಬೇಗ ಹರಿಯುತ್ತದೆ, ಆದರೆ ಬದಲಿಸಲು ಖರ್ಚಿಲ್ಲ. ಚಾಕುವಿಗೆ ಮಾತ್ರ ಎಂದರೆ ಇದೊಂದೇ ಸಾಕು, ಚರ್ಮ ಹುಡುಕಿ ಅಲೆಯಬೇಕಾಗಿಲ್ಲ.

ಗೌಜ್‌ಗೆ ಚಪ್ಪಟೆ ಪಟ್ಟಿ ಅರ್ಧ ಉತ್ತರ. ಅದರ ಮೇಲೂ ಹೊರಳಿಸಿ ಎಳೆಯಬಹುದು, ಆದರೆ ಪ್ರತಿ ಎಳೆತದಲ್ಲೂ ಬಾಯಿಯ ಒಂದು ಚುಕ್ಕೆಯಷ್ಟೇ ತಾಗುತ್ತದೆ. ಇದಕ್ಕೆ ಸರಿಯಾದದ್ದು ಅದೇ ಉಳಿಯ ಅಚ್ಚಿನ ಮರ. ಶಿವನಿಯಂಥ ನಾರು ಸಮವಾಗಿರುವ ಮರದ ತುಂಡು ಇಲ್ಲವೇ ಎಂಡಿಎಫ್ ತೆಗೆದುಕೊಂಡು, ನಾರಿನ ಉದ್ದಕ್ಕೆ ಆ ಗೌಜ್‌ನಿಂದಲೇ 6 ಇಂಚಿನ ಕಾಲುವೆ ಕೆತ್ತಿ. ಉಳಿಯ ಹೊರಬಾಗು ಆ ಕಾಲುವೆಯಲ್ಲಿ ಕೂದಲಿನಷ್ಟೂ ಸಂದಿಲ್ಲದೆ ಕೂರುತ್ತದೆ, ಏಕೆಂದರೆ ಅದು ಹುಟ್ಟಿದ್ದೇ ಅದರಿಂದ. ಅದರ ಪಕ್ಕದಲ್ಲಿ ಒಳಬಾಗಿಗೆ ಹೊಂದುವ ಉಬ್ಬು ಕೆತ್ತಿ, ಅಥವಾ ಕಡ್ಡಿಯ ಅರ್ಧ ಭಾಗ ಅಂಟಿಸಿ. ಎರಡಕ್ಕೂ ಸೋಪು ಉಜ್ಜಿ. ಕಾಲುವೆಯಲ್ಲಿ ಉಳಿಯನ್ನು ಇಳಿಜಾರಿನ ಕೋನದಲ್ಲೇ ಮಲಗಿಸಿ ಹಿಂದಕ್ಕೆ ಹತ್ತು ಸಲ ಎಳೆಯಿರಿ, ಉಬ್ಬಿನ ಮೇಲೆ ನಾಲ್ಕು ಸಲ. ಹೊರಳಿಸುವ ಕೆಲಸವೇ ಇಲ್ಲ, ಆದ್ದರಿಂದ ಮೂಲೆ ಸವೆಯುವ ಭಯವೂ ಇಲ್ಲ. ಅಂಗಡಿಯ ಹತ್ತಾರು ಬಾಗಿನ ಸಿದ್ಧ ಪಟ್ಟಿಗಳಿಗಿಂತ ಇದು ಮೇಲು. ಸಿದ್ಧ ಪಟ್ಟಿಯ ಬಾಗು ನಿಮ್ಮ ಉಳಿಗೆ ಹೊಂದುವುದು ಅಪರೂಪ. ಕಮ್ಮಾರರು ಕೈಯಲ್ಲಿ ಮಾಡಿದ ಉಳಿಯಾದರಂತೂ ಹೊಂದುವುದೇ ಇಲ್ಲ.

ಯಾವ ಪಟ್ಟಿಯೇ ಆಗಲಿ, ಬಾಯಿ ಹಿಂದೆ, ಬೆನ್ನು ಮುಂದೆ. ಎಳೆತದ ಕೊನೆಯಲ್ಲಿ ಹಿಡಿಕೆ ಎತ್ತುವ ಚಟ ಬಹಳ ಜನರಿಗಿದೆ, ಬಾಯಿ ಉರುಟಾಗುವುದು ಮುಕ್ಕಾಲು ಪಾಲು ಅಲ್ಲೇ. ಮೊದಲು ನಿಲ್ಲಿಸಿ, ಆಮೇಲೆ ಎತ್ತಿ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಳೆಯಬೇಡಿ. ಮೇಜಿಗೆ ಕ್ಲ್ಯಾಂಪ್ ಹಾಕಿ ಅಥವಾ ಮೊಳೆ ಹೊಡೆಯಿರಿ.

ಸೋಪು

ಸ್ಟೀಲ್ ಗೇಟು, ರೇಲಿಂಗ್ ಮಾಡುವವರು ಬಳಸುವ ಹಸಿರು ಪಾಲಿಶ್ ಸೋಪು ನಮಗೆ ಬೇಕಾದದ್ದು. ಅದರಲ್ಲಿರುವುದು ಕ್ರೋಮಿಯಂ ಆಕ್ಸೈಡ್, ನಯವಾದ ದರ್ಜೆಯದರಲ್ಲಿ ಕಣ ಅರ್ಧ ಮೈಕ್ರಾನಿನ ಆಸುಪಾಸು, ಉಕ್ಕಿಗೆ ಚೆನ್ನಾಗಿ ಹಿಡಿಯುತ್ತದೆ. ಅಕ್ಕಸಾಲಿಗರ ಕೆಂಪು ಸೋಪು ಕಬ್ಬಿಣದ ಆಕ್ಸೈಡ್. ಚಿನ್ನ, ಬೆಳ್ಳಿಗೆ ಹೊಳಪು ಕೊಡುತ್ತದೆ, ಗಟ್ಟಿ ಉಕ್ಕಿನ ಮೇಲೆ ತುಂಬ ನಿಧಾನ. ಯಂತ್ರದ ಗರಗಸದ ಬ್ಲೇಡಿನಿಂದ ಮಾಡಿದ ಹೈಸ್ಪೀಡ್ ಉಕ್ಕಿನ ಚಾಕು ಇದ್ದರೆ ಹಸಿರೂ ನಿಧಾನವೇ, ಅದಕ್ಕೆ 3 ಮತ್ತು 1 ಮೈಕ್ರಾನಿನ ಡೈಮಂಡ್ ಪೇಸ್ಟ್ ಒಳ್ಳೆಯದು.

ಸಂಡೂರಿನ ಅದಿರಿನ ಕೆಂಪು ಧೂಳೂ ಕಬ್ಬಿಣದ ಆಕ್ಸೈಡೇ ಅಲ್ಲವೇ, ಅದನ್ನೇ ಪಟ್ಟಿಗೆ ಹಚ್ಚಬಾರದೇ ಎಂದು ಯೋಚಿಸುವವರಿದ್ದಾರೆ. ಹಚ್ಚಬೇಡಿ. ಅಕ್ಕಸಾಲಿಗರ ಪುಡಿಯಲ್ಲಿ ಕಣಗಳು ಒಂದೇ ಗಾತ್ರ. ಗಣಿಯ ಧೂಳಿನಲ್ಲಿ ಸಣ್ಣದು ದೊಡ್ಡದು ಎಲ್ಲ ಬೆರೆತಿರುತ್ತದೆ, ಜೊತೆಗೆ ಉಸುಕಿನ ಕಣ. ಒಂದು ದೊಡ್ಡ ಕಣ ಸಾಕು, ಎಳೆದ ಕಡೆಯಲ್ಲೆಲ್ಲ ಬಾಯಿಗೆ ಗೀರು ಬೀಳಲು.

ಸೋಪನ್ನು ತೆಳ್ಳಗೆ, ಬಳಪದಿಂದ ಗೆರೆ ಎಳೆಯುವಷ್ಟು ಹಚ್ಚಿ. ದಪ್ಪಗೆ ಮೆತ್ತಿದರೆ ಅದು ಗಡ್ಡೆಕಟ್ಟಿ ಹತಾರ ಅದರ ಮೇಲೆ ತೇಲುತ್ತದೆ. ಚಳಿಗಾಲದಲ್ಲಿ ಸೋಪು ಹಿಡಿಯದಿದ್ದರೆ ಒಂದು ಹನಿ ಮೆಷಿನ್ ಎಣ್ಣೆ. ಬೇಸಿಗೆಯಲ್ಲಿ ಉಲ್ಟಾ, ಬಿಸಿಲಿಗೆ ಮೇಣ ಕರಗಿ ಚರ್ಮದೊಳಗೆ ಇಳಿಯುತ್ತದೆ; ಪಟ್ಟಿಯನ್ನು ತಗಡಿನ ಚಾವಣಿಯ ಕೆಳಗೆ ಬಿಡಬೇಡಿ. ಎಳೆದ ಕಡೆ ಪಟ್ಟಿ ಕಪ್ಪಾದರೆ ಉಕ್ಕು ಸವೆಯುತ್ತಿದೆ ಎಂದರ್ಥ, ಅದು ಒಳ್ಳೆಯದು. ಪೂರ್ತಿ ಕಪ್ಪಾಗಿ ಮಿಂಚತೊಡಗಿದರೆ ಹ್ಯಾಕ್‌ಸಾ ಬ್ಲೇಡಿನ ಬೆನ್ನಿನಿಂದ ಕೆರೆದು ಹೊಸದು ಹಚ್ಚಿ.

ವಿದ್ಯುತ್ ಚಕ್ರ ಬೇಕೇ?

6 ಇಂಚಿನ ಬೆಂಚ್ ಗ್ರೈಂಡರ್ ನಿಮಿಷಕ್ಕೆ 2,800 ಸುತ್ತಿನ ಮೇಲೆ ತಿರುಗುತ್ತದೆ. ಗೌಜ್‌ನ ತೆಳು ಬಾಯಿ ಒಂದೆರಡು ಸೆಕೆಂಡಿನಲ್ಲಿ ಕಾಯುತ್ತದೆ. ಕಾರ್ಬನ್ ಉಕ್ಕಿನ ಬಾಯಿ ಒಣಹುಲ್ಲಿನ ಹಳದಿ ಬಣ್ಣ ದಾಟಿ ನೀಲಿಗೆ ತಿರುಗಿದರೆ ಶಾಖ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಅಲ್ಲಿಯ ಹದ ಹೋಯಿತು. ನೀರಿಗೆ ಅದ್ದಿದರೆ ಬಣ್ಣ ಉಳಿಯುತ್ತದೆ, ಹದ ಬರುವುದಿಲ್ಲ. ನೀಲಿ ಭಾಗವನ್ನು ಪೂರ್ತಿ ಸವೆಸಿ ತೆಗೆಯಬೇಕು. ಓಣಿಗೆ ಬರುವ ಸಾಣೆಯವರಿಗೆ ಅಡುಗೆ ಚಾಕು, ಕುಡುಗೋಲು ಕೊಡಿ, ಕೆತ್ತನೆ ಉಳಿ ಕೊಡಬೇಡಿ. ಅವರ ಚಕ್ರ ಆ ಕೆಲಸದ್ದಲ್ಲ. ಹಲ್ಲು ಬಿದ್ದ ಉಳಿ ತಿದ್ದಲು ಗ್ರೈಂಡರ್ ಬಳಸುವುದಾದರೆ ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಚಕ್ರ ಹಾಕಿ, ಎರಡು ಸೆಕೆಂಡ್ ತಾಗಿಸಿ ನೀರಿಗದ್ದಿ, ಬಾಯಿಯಿಂದ ಅರ್ಧ ಮಿ.ಮೀ. ಮೊದಲೇ ನಿಲ್ಲಿಸಿ ಉಳಿದದ್ದನ್ನು ಕಲ್ಲಿನ ಮೇಲೆ ಮುಗಿಸಿ. ಬಟ್ಟೆಯ ಬಫ್ ಚಕ್ರ ಹೊಳಪು ಕೊಡುವುದು ಬೇಗ, ಮೆತ್ತಗಿರುವುದರಿಂದ ಬಾಯಿ ಉರುಟು ಮಾಡುವುದೂ ಅಷ್ಟೇ ಬೇಗ. ಬಾಯಿಯನ್ನು ಚಕ್ರ ಬರುವ ದಿಕ್ಕಿಗೆ ಎದುರು ಹಿಡಿದರೆ ಉಳಿಯನ್ನು ಕಿತ್ತು ಎಸೆಯುತ್ತದೆ. ನಾಲ್ಕೈದು ಹತಾರ ಇರುವವರಿಗೆ ಇದರ ಅಗತ್ಯ ಇಲ್ಲ.

ಕಲ್ಲಿಗೆ ಯಾವಾಗ, ಪಟ್ಟಿಗೆ ಯಾವಾಗ

ಪರೀಕ್ಷೆಗೆ ಉಗುರು, ಕೈಕೂದಲು ಬೇಡ. ಪೊಲ್ಕಿಯ ತುಂಡಿಗೆ ನಾರಿನ ಅಡ್ಡಕ್ಕೆ ಕತ್ತರಿಸಿ ನೋಡಿ. ಕತ್ತರಿಸಿದ ಮೈ ಹೊಳೆದರೆ ಸರಿ ಇದೆ. ಮಂಕಾಗಿ, ಪುಡಿಪುಡಿಯಾಗಿ ಕಂಡರೆ ಪಟ್ಟಿಗೆ ಎಳೆಯುವ ಸಮಯ. ಹೊಳೆಯುತ್ತಿದ್ದರೂ ಉದ್ದಕ್ಕೆ ಒಂದು ಬಿಳಿ ಗೀರು ಬರುತ್ತಿದ್ದರೆ ಬಾಯಿಯಲ್ಲಿ ಸಣ್ಣ ಹಲ್ಲು ಬಿದ್ದಿದೆ. ಪಟ್ಟಿಯಿಂದ ಹೋಗದು, 1200 ಪ್ಲೇಟ್ ಅಥವಾ 2000 ಪೇಪರ್. ಕಣ್ಣಿಗೆ ಕಾಣುವ ಹಲ್ಲಾದರೆ 400ರಿಂದ ಶುರು. ಮೂರು ಸಲ ಪಟ್ಟಿಗೆ ಎಳೆದರೂ ಹೊಳಪು ಬಾರದಿದ್ದರೆ, ಅಥವಾ ಉಳಿ ಮರ ಹಿಡಿಯಲು ಹಿಡಿಕೆಯನ್ನು ಮೊದಲಿಗಿಂತ ಎತ್ತರಿಸಬೇಕಾಗಿ ಬಂದರೆ, ಪಟ್ಟಿ ಬಾಯಿಯನ್ನು ಉರುಟು ಮಾಡಿದೆ. ನಯ ಕಲ್ಲಿಗೆ ಹೋಗಿ ಇಳಿಜಾರನ್ನು ಮತ್ತೆ ನೇರ ಮಾಡಿ.

ಹತಾರ ಬೇಗ ಬೇಗ ಮೊಂಡಾಗುತ್ತಿದ್ದರೆ ಕಲ್ಲನ್ನು ಬೈಯುವ ಮೊದಲು ಮರ ನೋಡಿ. ಉಸುಕಿನ ಕಾಗದದಿಂದ ತಿಕ್ಕಿದ ಮೈಯಲ್ಲಿ ಕಣಗಳು ಉಳಿದಿರುತ್ತವೆ, ಅದರ ಮೇಲೆ ಮತ್ತೆ ಕೆತ್ತಬಾರದು. ಗೊಂಬೆಗೆ ಹುಣಸೆ ಬೀಜದ ಅಂಟು, ಕಲ್ಲಿನ ಪುಡಿ ಬೆರೆಸಿದ ಲೇಪ ಬಿದ್ದ ಮೇಲೆ ತಿದ್ದುವುದಿದ್ದರೆ ಅದಕ್ಕೆ ಬೇರೆ ಹಳೆಯ ಚಾಕು ಇಟ್ಟುಕೊಳ್ಳಿ. ಒಳ್ಳೆಯ ಗೌಜ್ ಒಂದೇ ಗೀರಿಗೆ ಹೋಗುತ್ತದೆ. ಉಕ್ಕೂ ಕಾರಣವಿರಬಹುದು. ಲಾರಿ ಪಾಟಾದಿಂದ ಮಾಡಿದ ಉಳಿ ತುಸು ಮೆದು, ಬೇಗ ಬಾಗುತ್ತದೆ, ಬೇಗ ಹರಿತಕ್ಕೂ ಬರುತ್ತದೆ. ಹಳೆಯ ಅರದಿಂದ ಮಾಡಿದ್ದು ಗಡಸು, ತೆಳು ಕೋನದಲ್ಲಿ ಹಲ್ಲು ಬೀಳುತ್ತದೆ, ಅದಕ್ಕೆ ಎರಡು ಮೂರು ಡಿಗ್ರಿ ಹೆಚ್ಚು ಕೊಡಿ.

ಏನು ಕೊಳ್ಳಬೇಕು

ಒಂದು ಚಾಕು, ಎರಡು ಗೌಜ್ ಇಟ್ಟುಕೊಂಡು ಕಲಿಯುತ್ತಿರುವವರು ಗ್ರಾನೈಟ್ ತುಂಡು, 400, 1000, 2000 ಪೇಪರು, ಡೆನಿಮ್ ಪಟ್ಟಿ, ಎರಡೂ ಗೌಜ್‌ನ ಅಚ್ಚಿನ ಮರ, ಒಂದು ಹಸಿರು ಸೋಪು ಇಷ್ಟರಲ್ಲೇ ಮುಗಿಸಲಿ. ದಿನಾ ನಾಲ್ಕು ತಾಸು ಕೆತ್ತುವವರು 600 ಮತ್ತು 1200 ಡೈಮಂಡ್ ಪ್ಲೇಟ್, ಚರ್ಮದ ಪಟ್ಟಿ, ಪ್ರತಿ ಗೌಜ್‌ಗೆ ಅದರದೇ ಅಚ್ಚು, ಒಂದು ಸ್ಲಿಪ್ ಕಲ್ಲು. ಕಮ್ಮಾರರಿಂದ ಹತಾರ ಮಾಡಿಸಿ ತಾವೇ ಕೋನ ಇಳಿಸುವವರು ಇದಕ್ಕೆ ಕಾರ್ಬೊರಂಡಮ್ ಕಲ್ಲು ಸೇರಿಸಲಿ. ನಾಲ್ಕೈದು ಜನ ಕೂಡಿ ಕೆಲಸ ಮಾಡುವ ಕಡೆ ಕಲ್ಲು, ಗ್ರೈಂಡರ್ ಹಂಚಿಕೊಳ್ಳಬಹುದು, ಪಟ್ಟಿ ಹಂಚಿಕೊಳ್ಳಬಾರದು. ಒಬ್ಬರ ಕೈಯ ಕೋನ ಇನ್ನೊಬ್ಬರದಲ್ಲ, ಒಬ್ಬರು ಕಲ್ಲಿನ ಕೆಸರು ಒರೆಸದೆ ಎಳೆದರೆ ಎಲ್ಲರ ಹತಾರಕ್ಕೂ ಗೀರು.

ಕಲ್ಲಿನಿಂದ ಪಟ್ಟಿಗೆ ಹೋಗುವ ಮೊದಲು ಉಳಿಯನ್ನು ಬೆನ್ನಿನಿಂದ ಬಾಯಿಯ ಕಡೆಗೆ ಬಟ್ಟೆಯಲ್ಲಿ ಒರೆಸಿ. ಪಟ್ಟಿಯನ್ನು ಕಲ್ಲಿನ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಬಟ್ಟೆಯ ಚೀಲದಲ್ಲಿ, ಮುಖ ಗೋಡೆಯ ಕಡೆಗೆ ಮಾಡಿ ತೂಗುಹಾಕಿ. ಬೇಸಿಗೆಯ ಗಾಳಿಗೆ ತೆರೆದಿಟ್ಟ ಪಟ್ಟಿಯ ಮೇಲೆ ಒಂದೇ ಸಂಜೆಯಲ್ಲಿ ಉಸುಕು ಕೂರುತ್ತದೆ. ಕೂತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಲು ಹೋಗದೆ, ಮೇಲಿನ ಸೋಪನ್ನು ಪೂರ್ತಿ ಕೆರೆದು ತೆಗೆದು ಹೊಸದಾಗಿ ಹಚ್ಚಿ.